ಹಸಿ ಶೇಂಗಾ ಕುದಿಸೋದು: ಕಾಳಿನ ತನಕ ಉಪ್ಪು ಇಳಿಯಬೇಕೆಂದರೆ

ಶೇಂಗಾ, ನೀರು, ಹರಳುಪ್ಪು. ಕುದಿಸಿದ ಶೇಂಗಾಕ್ಕೆ ಬೇಕಾದ ಸಾಮಾನು ಇಷ್ಟೇ. ಆದರೂ ಮನೆಯಲ್ಲಿ ಮಾಡಿದಾಗ ಹೆಚ್ಚಿನವರದ್ದು ಒಂದೇ ದೂರು: ಸಿಪ್ಪೆ ಉಪ್ಪುಪ್ಪು, ಒಳಗಿನ ಕಾಳು ಮಾತ್ರ ಸಪ್ಪೆ. ಮುಂದಿನ ಸಲ ಉಪ್ಪು ಜಾಸ್ತಿ ಹಾಕುತ್ತಾರೆ, ಆಗಲೂ ಸಪ್ಪೆ. ಯಾಕೆಂದರೆ ತೊಂದರೆ ಇರುವುದು ಉಪ್ಪಿನ ಅಳತೆಯಲ್ಲಿ ಅಲ್ಲ. ಶೇಂಗಾ ಬೇಯುವುದು ಒಲೆಯ ಮೇಲೆ. ಉಪ್ಪು ಚೆನ್ನಾಗಿ ಹಿಡಿಯುವುದು ಒಲೆ ಆರಿಸಿದ ಮೇಲೆ. ಈ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ.

ಯಾವಾಗ, ಎಂಥದ್ದು ತರಬೇಕು

ನಮ್ಮ ಕಡೆ ಹಸಿ ಶೇಂಗಾ ವರ್ಷವಿಡೀ ಸಿಗುವುದಿಲ್ಲ. ಜೂನ್-ಜುಲೈ ಮಳೆಗೆ ಬಿತ್ತಿದ್ದು ಸುಮಾರು ಮೂರೂವರೆ ತಿಂಗಳಿಗೆ ಕೈಗೆ ಬರುತ್ತದೆ. ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಹೊತ್ತಿಗೆ ಎಷ್ಟೋ ಹೊಲಗಳಲ್ಲಿ ಶೇಂಗಾ ಕೀಳುವ ಕೆಲಸವೂ ನಡೆದಿರುತ್ತದೆ. ನೀರಾವರಿ ಇದ್ದವರು ಜನವರಿ ಹೊತ್ತಿಗೆ ಇನ್ನೊಂದು ಬೆಳೆ ಹಾಕುತ್ತಾರೆ, ಅದು ಏಪ್ರಿಲ್-ಮೇ ತಿಂಗಳಲ್ಲಿ ಬರುತ್ತದೆ. ಈ ಎರಡು ಸುಗ್ಗಿಯಲ್ಲಿ ಹುಬ್ಬಳ್ಳಿಯ ಜನತಾ ಬಜಾರ್, ಧಾರವಾಡದ ಸೂಪರ್ ಮಾರ್ಕೆಟ್, ಗದಗ ಮತ್ತು ಹಾವೇರಿಯ ಸಂತೆ, ಎಲ್ಲೇ ಹೋದರೂ ಹಸಿ ಶೇಂಗಾ ಬಂದಿದೆಯಾ ಅಂತ ಒಮ್ಮೆ ನೋಡಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ನೆಂಟರು ಇದ್ದರಂತೂ ಹೊಲದಿಂದಲೇ ತರಿಸಿಕೊಳ್ಳಿ. ಅದಕ್ಕಿಂತ ತಾಜಾ ಇನ್ನೊಂದಿಲ್ಲ.

ಕೊಳ್ಳುವಾಗ ಮೊದಲು ಮಾಡಬೇಕಾದ್ದು ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ಕಾಳು ಗಲಗಲ ಅಂದರೆ ಅದು ಒಣಗಿದ್ದು. ಹಸಿ ಕಾಯಿ ಸದ್ದು ಮಾಡುವುದಿಲ್ಲ, ಕೈಗೆ ಭಾರವಾಗಿ ತಂಪಾಗಿ ಇರುತ್ತದೆ. ಆಮೇಲೆ ಒಂದನ್ನು ಒಡೆದು ನೋಡಿ. ಸಿಪ್ಪೆಯ ಒಳಮೈ ಪೂರ್ತಿ ಬೆಳ್ಳಗೆ ಇದ್ದರೆ ಕಾಯಿ ಎಳೆಯದು. ಅಲ್ಲಲ್ಲಿ ಕಂದು, ಕಪ್ಪು ಕಲೆ ಮೂಡಿದ್ದರೆ ಬಲಿತಿದೆ ಎಂದರ್ಥ. ಕುದಿಸಲು ನನಗೆ ಇಷ್ಟ ಮುಕ್ಕಾಲು ಪಾಲು ಬಲಿತದ್ದು, ಕಾಲು ಪಾಲು ಎಳೆಯದು. ಬಲಿತದ್ದು ಬೆಣ್ಣೆಯಂತೆ ಬೇಯುತ್ತದೆ. ಎಳೆಯದರಲ್ಲಿ ಕಾಳು ಚಿಕ್ಕದಿದ್ದರೂ ಸಿಹಿ, ಸಿಪ್ಪೆಯೊಳಗೆ ತುಂಬಿಕೊಂಡ ಉಪ್ಪುನೀರನ್ನು ಚೀಪುವ ಸುಖವೂ ಅದರಲ್ಲೇ ಇದೆ.

ಒಂದು ಮಾತು ಕೇಳಲೇಬೇಕು. "ಅಕ್ಕಾರ, ಇದನ್ನ ಯಾವಾಗ ಕಿತ್ತದ್ದರೀ?" ಇವತ್ತು, ನಿನ್ನೆ ಅಂದರೆ ಧೈರ್ಯವಾಗಿ ತನ್ನಿ. ಆಗಷ್ಟೇ ಕಿತ್ತ ಶೇಂಗಾದಲ್ಲಿ ನೀರಿನ ಅಂಶ ತುಂಬಾ ಇರುತ್ತದೆ. ಚೀಲದಲ್ಲಿ ಒತ್ತಿ ತುಂಬಿಟ್ಟರೆ ಒಳಗೆ ಕಾವು ಏರಿ ಬೂಸಲು ಹಿಡಿಯಲು ಶುರುವಾಗುತ್ತದೆ. ಅದಕ್ಕೇ ಮನೆಗೆ ತಂದ ಮೇಲೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಡಿ. ಅವತ್ತೇ ಕುದಿಸಲು ಆಗದಿದ್ದರೆ ಬುಟ್ಟಿಯಲ್ಲಿ ಅಥವಾ ಗೋಣಿತಾಟಿನ ಮೇಲೆ ತೆಳ್ಳಗೆ ಹರಡಿ, ಇಲ್ಲವೇ ಬಟ್ಟೆಯ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡಿ.

ತಳಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಟಿಎಂವಿ-2, ಜೆಎಲ್-24 ಎಂಬ ಹಳೆಯ ಗೆಜ್ಜೆ ಶೇಂಗಾ ತಳಿಗಳೂ ಕುದಿಸಲು ಚೆನ್ನ, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಜಿಪಿಬಿಡಿ-4 ಕೂಡ ಚೆನ್ನ. ಈ ಜಿಪಿಬಿಡಿ-4 ತುಕ್ಕು ರೋಗ, ಎಲೆಚುಕ್ಕೆ ರೋಗ ಎರಡನ್ನೂ ತಡೆದುಕೊಳ್ಳುತ್ತದೆ. ತಿನ್ನುವವರಿಗೂ ಇದರಿಂದ ಲಾಭ ಇದೆ. ರೋಗ ಬಂದು ಎಲೆ ಉದುರಿದರೆ ಕಾಯಿ ತುಂಬುವುದಿಲ್ಲ, ಜಳ್ಳು ಜಾಸ್ತಿ. ಎಲೆ ಕೊನೆಯ ತನಕ ಉಳಿದರೆ ಕಾಳು ದುಂಡಗೆ ತುಂಬುತ್ತದೆ.

ತೊಳೆಯುವ ಕೆಲಸ

ಇದನ್ನು ಅವಸರದಲ್ಲಿ ಮುಗಿಸಬೇಡಿ. ಶೇಂಗಾ ಗಿಡದ ಹೂ ಮೇಲೆ ಬಿಡುತ್ತದೆ, ಆದರೆ ಕಾಯಿ ಕಟ್ಟುವುದು ಮಣ್ಣಿನೊಳಗೆ. ಹೂವಿನ ಬುಡದಿಂದ ಸೂಜಿಯಂಥ ಒಂದು ಕುಡಿ ನೆಲಕ್ಕೆ ಇಳಿದು, ಅದರ ತುದಿಯಲ್ಲಿ ಕಾಯಿ ಆಗುತ್ತದೆ. ಹಾಗಾಗಿ ಕಾಯಿಯ ಗೆರೆಗೆರೆಯಲ್ಲೂ ಮಣ್ಣು ಕೂತಿರುತ್ತದೆ. ಕಪ್ಪತಗುಡ್ಡದ ಸುತ್ತಿನ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದ ಶೇಂಗಾ ಆದರೆ ಎರಡು ನೀರಿಗೆ ಮಣ್ಣು ಬಿಡುತ್ತದೆ. ಎರಿ ಹೊಲದ್ದಾದರೆ ಹಾಗಲ್ಲ. ಕರಿ ಮಣ್ಣು ಅಂಟಿಕೊಂಡು ಕೂತಿರುತ್ತದೆ.

ದೊಡ್ಡ ಬಕೆಟ್‌ನಲ್ಲಿ ನೀರು ತುಂಬಿ ಶೇಂಗಾ ಸುರಿದು ಒಂದು ಹತ್ತು ನಿಮಿಷ ಬಿಡಿ. ಮಣ್ಣು ಮೆತ್ತಗಾಗುತ್ತದೆ. ಆಮೇಲೆ ಎರಡೂ ಕೈಯಿಂದ ಕಾಯಿಗೆ ಕಾಯಿ ತಿಕ್ಕುವಂತೆ ಜೋರಾಗಿ ಉಜ್ಜಿ. ಕಾಯಿಗಳನ್ನು ಕೈಯಲ್ಲಿ ಎತ್ತಿ ಬೇರೆ ಪಾತ್ರೆಗೆ ಹಾಕಿ, ನೀರಿನ ಸಮೇತ ಬಗ್ಗಿಸಬೇಡಿ. ಬಗ್ಗಿಸಿದರೆ ತಳದಲ್ಲಿ ಕೂತ ಮಣ್ಣು ಮತ್ತೆ ಮೇಲೆ ಬೀಳುತ್ತದೆ. ನೀರು ತಿಳಿಯಾಗುವ ತನಕ ಹೀಗೇ ಮಾಡಿ. ಈ ಮಣ್ಣಿನ ನೀರಲ್ಲಿ ಉಪ್ಪು ಇರುವುದಿಲ್ಲ, ಧಾರಾಳವಾಗಿ ಗಿಡಕ್ಕೆ ಹಾಕಬಹುದು.

ತೊಳೆಯುವಾಗಲೇ ಆರಿಸುವ ಕೆಲಸವೂ ಆಗಬೇಕು. ಬೇರಿನ ಎಳೆ, ಕಡ್ಡಿ ತೆಗೆಯಿರಿ. ಸಿಪ್ಪೆಗೆ ತೂತು ಬಿದ್ದದ್ದು, ಮೆತ್ತಗೆ ಕೊಳೆತದ್ದು, ಹಸಿರು-ಹಳದಿ ಬೂಸಲು ಕಂಡದ್ದು, ಎಲ್ಲವನ್ನೂ ಬಿಸಾಕಿ. ಬೂಸಲಿನ ವಿಚಾರದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿಯೇ ಇರಿ. ಶೇಂಗಾದ ಮೇಲೆ ಬೆಳೆಯುವ ಕೆಲವು ಬೂಸಲುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಯಕೃತ್ತಿಗೆ, ಅಂದರೆ ಲಿವರ್‌ಗೆ ಕೆಟ್ಟದ್ದು. "ಹೆಂಗೂ ಕುದಿಸ್ತೀವಲ್ಲ" ಅನ್ನುವ ಹಾಗಿಲ್ಲ, ಮನೆಯ ಒಲೆಯ ಕಾವಿಗೆ ಆ ವಿಷ ಹೋಗುವುದಿಲ್ಲ.

ನೀರು, ಉಪ್ಪು, ಪಾತ್ರೆ

ಒಂದು ಕಿಲೋ ಹಸಿ ಶೇಂಗಾಕ್ಕೆ ಎರಡೂವರೆಯಿಂದ ಮೂರು ಲೀಟರ್ ನೀರು. ಲೀಟರಿಗೆ ಎರಡು ದೊಡ್ಡ ಚಮಚ ಹರಳುಪ್ಪು, ಅಂದರೆ ಸುಮಾರು 30 ಗ್ರಾಂ. ಪುಡಿ ಉಪ್ಪಾದರೆ ಚಮಚದಲ್ಲಿ ಜಾಸ್ತಿ ಕೂರುತ್ತದೆ, ಒಂಚೂರು ಕಡಿಮೆ ಹಾಕಿ. ನೀರನ್ನು ನಾಲಿಗೆಗೆ ಹಚ್ಚಿ ನೋಡಿದರೆ ಸಾರಿಗಿಂತ ಉಪ್ಪು ಚೆನ್ನಾಗಿಯೇ ಮುಂದಾಗಿರಬೇಕು. ಹೆದರಬೇಡಿ, ಅಷ್ಟೂ ಉಪ್ಪು ನಿಮ್ಮ ಹೊಟ್ಟೆಗೆ ಹೋಗುವುದಿಲ್ಲ. ಹೆಚ್ಚಿನದು ನೀರಿನಲ್ಲೇ ಉಳಿಯುತ್ತದೆ.

ಯಾವ ನೀರು ಅನ್ನುವುದೂ ಮುಖ್ಯ. ನಮ್ಮ ಕಡೆ ಬಹಳ ಮನೆಗಳಲ್ಲಿ ಬಳಕೆಗೆ ಬೋರಿನ ಗಡಸು ನೀರೇ. ಅದರಲ್ಲಿರುವ ಸುಣ್ಣದ ಅಂಶ ಕಾಳು ಮೆತ್ತಗಾಗಲು ಬಿಡುವುದಿಲ್ಲ. ಬೇಳೆ ಬೇಯದ ನೀರಲ್ಲಿ ಶೇಂಗಾ ಕೂಡ ಬೇಗ ಬೇಯದು. ತೊಳೆಯಲು ಬೋರಿನ ನೀರು ಸಾಕು. ಕುದಿಸಲು ಮಾತ್ರ ಕುಡಿಯುವ ನೀರು ಇಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭೆ ನೀರು, ಗದಗದಲ್ಲಿ ತುಂಗಭದ್ರಾ ನೀರು ನಲ್ಲಿಗೆ ಬರುತ್ತದೆ. ಬಂದ ದಿನ ಹಿಡಿದಿಟ್ಟದ್ದರಲ್ಲೇ ಮೂರು ಲೀಟರ್ ಇದಕ್ಕೆ ಎತ್ತಿಡಿ.

ಪಾತ್ರೆ ಸ್ಟೀಲಿನದ್ದೇ ಒಳ್ಳೆಯದು. ಅಲ್ಯುಮಿನಿಯಂ ಬೋಗುಣಿಯಲ್ಲಿ ಇಷ್ಟು ಉಪ್ಪಿನ ನೀರನ್ನು ತಾಸುಗಟ್ಟಲೆ ಇಟ್ಟರೆ ಪಾತ್ರೆ ಕಪ್ಪಾಗುತ್ತದೆ, ಮೈಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ.

ಅರಿಶಿನ ಒಂದು ಚಿಟಿಕೆ ಹಾಕಿದರೆ ಬಣ್ಣ ಚೆನ್ನಾಗಿ ಬರುತ್ತದೆ, ಹಾಕದಿದ್ದರೂ ನಡೆಯುತ್ತದೆ. ನೀರಿಗೆ ಖಾರದ ಪುಡಿ, ಮಸಾಲೆ ಹಾಕುವವರು ಇದ್ದಾರೆ. ನನಗದು ದಂಡ ಅನಿಸುತ್ತದೆ. ಖಾರ ಸಿಪ್ಪೆಗೆ ಹತ್ತಿಕೊಂಡು ಬೆರಳು ಉರಿಯುತ್ತದೆಯೇ ಹೊರತು ಕಾಳಿಗೆ ತಲುಪುವುದು ಕಡಿಮೆ. ಹಸಿ ಶೇಂಗಾಕ್ಕೆ ತನ್ನದೇ ಒಂದು ಸಿಹಿ ಇದೆ. ಅದನ್ನು ಎತ್ತಿ ತೋರಿಸಲು ಉಪ್ಪೊಂದೇ ಸಾಕು.

ಕುದಿಸುವುದು

ಮೊದಲು ತೆರೆದ ಪಾತ್ರೆಯ ವಿಧಾನ ಹೇಳುತ್ತೇನೆ, ರುಚಿಯಲ್ಲಿ ನನ್ನ ಓಟು ಇದಕ್ಕೇ. ದೊಡ್ಡ ಬೋಗುಣಿಯಲ್ಲಿ ನೀರಿಗೆ ಉಪ್ಪು ಹಾಕಿ ಕರಗಿಸಿ, ಶೇಂಗಾ ಹಾಕಿ ಒಲೆಗೆ ಏರಿಸಿ. ಕಾಯಿಗಳು ತೇಲುತ್ತವೆ. ಸಿಪ್ಪೆಯೊಳಗೆ ಗಾಳಿ ಇರುವುದರಿಂದ ಅದು ಸಹಜ. ಆದರೆ ತೇಲುವ ಕಾಯಿಯ ಮೇಲ್ಭಾಗ ಸರಿಯಾಗಿ ಬೇಯುವುದಿಲ್ಲ. ಬೋಗುಣಿಯ ಬಾಯಿಗಿಂತ ಚಿಕ್ಕದಾದ ಸ್ಟೀಲ್ ತಾಟನ್ನು ಶೇಂಗಾದ ಮೇಲೆ ಬೋರಲು ಹಾಕಿ, ಅದರ ಮೇಲೆ ಒಂದು ಭಾರ ಇಡಿ. ತೊಳೆದಿಟ್ಟ ಕುಟ್ಟಾಣಿಯ ಕಲ್ಲು ಇದಕ್ಕೆ ಸರಿಯಾಗುತ್ತದೆ.

ಜೋರು ಉರಿಯಲ್ಲಿ ಕುದಿ ಬರಲಿ. ಬಂದ ಮೇಲೆ ಉರಿ ಮಧ್ಯಮಕ್ಕೆ ಇಳಿಸಿ, ಮುಚ್ಚಳ ಅರ್ಧ ಮುಚ್ಚಿ. ಎಳೆಯ ಕಾಯಿ ಜಾಸ್ತಿ ಇದ್ದರೆ 40 ನಿಮಿಷ, ಬಲಿತದ್ದು ಜಾಸ್ತಿ ಇದ್ದರೆ ಒಂದು ತಾಸು. ನಡುನಡುವೆ ನೀರು ಕಡಿಮೆಯಾದರೆ ಬಿಸಿನೀರು ಸೇರಿಸಿ, ತಣ್ಣೀರು ಬೇಡ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಅದು ಸಿಪ್ಪೆ ಬಿಟ್ಟ ಬಣ್ಣ.

ಬೆಂದಿತೋ ಇಲ್ಲವೋ ನೋಡಲು ಇದ್ದದ್ದರಲ್ಲಿ ದಪ್ಪ ಕಾಯಿ ಒಂದನ್ನು ತೆಗೆಯಿರಿ. ಚಿಕ್ಕದನ್ನು ತೆಗೆದರೆ ಮೋಸ ಹೋಗುತ್ತೀರಿ. ಸ್ವಲ್ಪ ಆರಲು ಬಿಟ್ಟು ಬಿಡಿಸಿ ಕಾಳು ಕಚ್ಚಿ. ಕಟಕ್ ಅಂದರೆ ಇನ್ನೂ ಬೇಕು. ಎರಡು ಬೆರಳಲ್ಲಿ ಒತ್ತಿದರೆ ಹಿಟ್ಟಾಗಿ ಸೀಳಬೇಕು, ಆದರೆ ಕರಗಿ ಹೋಗಬಾರದು. ಉಪ್ಪಿನ ಬಗ್ಗೆ ಈಗಲೇ ತೀರ್ಮಾನ ಮಾಡಬೇಡಿ. ಈ ಹೊತ್ತಿಗೆ ಕಾಳು ಸಪ್ಪೆಯಾಗಿಯೇ ಇರುತ್ತದೆ.

ಕುಕ್ಕರಿನಲ್ಲಾದರೆ ಕೆಲಸ ಬೇಗ. ಶೇಂಗಾ, ನೀರು ಎಲ್ಲ ಸೇರಿ ಕುಕ್ಕರಿನ ಅರ್ಧಕ್ಕಿಂತ ಮೇಲೆ ಹೋಗಬಾರದು. ಮೂರು ಸೀಟಿ ಆಗಲಿ, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಒಂದು ಎಚ್ಚರಿಕೆ ಇದೆ. ತೊಳೆಯುವಾಗ ಬಿಟ್ಟುಹೋದ ಬೇರಿನ ಎಳೆ, ಸಿಪ್ಪೆಯ ಚೂರು ಮೇಲೆದ್ದು ಸೀಟಿಯ ತೂತಿಗೆ ಸಿಕ್ಕಿಕೊಳ್ಳಬಹುದು. ಆದ್ದರಿಂದ ಕುಕ್ಕರಿಗೆ ಹಾಕುವ ಶೇಂಗಾವನ್ನು ಇನ್ನೂ ಚೊಕ್ಕವಾಗಿ ಆರಿಸಿ, ಮುಚ್ಚುವ ಮೊದಲು ಸೀಟಿಯ ತೂತನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಸೀಟಿ ಎತ್ತಿ ಹಬೆ ಬಿಡಬೇಡಿ. ತಾನಾಗಿಯೇ ಇಳಿಯಲಿ.

ಒಲೆ ಆರಿಸಿದ ಮೇಲೆ

ಇಲ್ಲೇ ಹೆಚ್ಚಿನವರು ಅವಸರ ಮಾಡುವುದು. ಬೆಂದ ಕೂಡಲೇ ನೀರು ಬಸಿದು ತಾಟಿಗೆ ಸುರಿಯುತ್ತಾರೆ.

ಏನಾಗುತ್ತದೆ ನೋಡಿ. ಬಿಸಿ ಏರುವಾಗ ಸಿಪ್ಪೆಯೊಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಹೊರಗೆ ಬರುತ್ತದೆ. ಕುದಿಯುವಾಗ ಆ ಜಾಗದಲ್ಲಿ ಹಬೆ ತುಂಬಿರುತ್ತದೆ. ಒಲೆ ಆರಿಸಿದರೆ ಹಬೆ ತಣಿದು ಹನಿಯಾಗಿ ಕುಗ್ಗುತ್ತದೆ, ಒಳಗೆ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗಕ್ಕೆ ಸುತ್ತ ಇರುವುದು ಎಳೆದುಕೊಳ್ಳುತ್ತದೆ. ಸುತ್ತ ಉಪ್ಪುನೀರು ಇದ್ದರೆ ಉಪ್ಪುನೀರು. ಬಸಿದುಬಿಟ್ಟಿದ್ದರೆ ಬರೀ ಗಾಳಿ. ಉಪ್ಪುನೀರು ಒಳಗೆ ತುಂಬಿಕೊಂಡ ಮೇಲೆ ಕಾಳು ನಿಧಾನವಾಗಿ ಅದನ್ನು ಹೀರುತ್ತದೆ.

ಆದ್ದರಿಂದ ಗ್ಯಾಸ್ ಆಫ್ ಮಾಡಿ, ತಾಟು, ಭಾರ ಹಾಗೇ ಇರಲಿ, ಮುಚ್ಚಳ ಪೂರ್ತಿ ಮುಚ್ಚಿ ಬಿಟ್ಟುಬಿಡಿ. ಅರ್ಧ ತಾಸಾದ ಮೇಲೆ ಒಂದು ಕಾಯಿ ತಿಂದು ನೋಡಿ. ಉಪ್ಪು ಸಾಲದಿದ್ದರೆ ಇನ್ನೂ ಬಿಡಿ. ಹಸಿ ಶೇಂಗಾಕ್ಕೆ ಸಾಮಾನ್ಯವಾಗಿ ಒಂದು ತಾಸು ಬೇಕಾಗುತ್ತದೆ. ಭಾರ ತೆಗೆದಾಗ ಹೆಚ್ಚಿನ ಕಾಯಿಗಳು ತಳಕ್ಕೆ ಮುಳುಗಿದ್ದರೆ ಒಳಗೆ ನೀರು ತುಂಬಿದೆ ಎಂದು ತಿಳಿಯಿರಿ. ನಿಮ್ಮ ನಾಲಿಗೆಗೆ ಹಿಡಿಸಿದ ಕೂಡಲೇ ಬಸಿದುಬಿಡಿ. ಬಿಟ್ಟಷ್ಟೂ ಹೀರುತ್ತಲೇ ಹೋಗುತ್ತದೆ, ಆಮೇಲೆ ಉಪ್ಪು ಹೊರಗೆ ತೆಗೆಯುವುದು ಕಷ್ಟ. ಜಾಸ್ತಿಯಾಗಿಯೇ ಹೋದರೆ ಉಪ್ಪಿಲ್ಲದ ಬಿಸಿನೀರಲ್ಲಿ ಅರ್ಧ ತಾಸು ಮುಳುಗಿಸಿಡಿ, ಸ್ವಲ್ಪ ಇಳಿಯುತ್ತದೆ. ರಾತ್ರಿಯಿಡೀ ಒಲೆಕಟ್ಟೆಯ ಮೇಲೆ ಬಿಡುವುದು ಮಾತ್ರ ಬೇಡ, ಹಳಸುತ್ತದೆ.

ಬಸಿದ ನೀರನ್ನು ಸಾರಿಗೆ ಬಳಸುವ ಆಸೆ ಬೇಡ. ಗಿಡದ ಬುಡಕ್ಕೂ ಹಾಕಬೇಡಿ, ಅಷ್ಟು ಉಪ್ಪು ತಡೆಯಲಾರದು.

ಹಸಿ ಸಿಗದಿದ್ದರೆ

ಸುಗ್ಗಿ ಮುಗಿದ ಮೇಲೆ ಸಿಪ್ಪೆಯ ಸಮೇತ ಒಣಗಿಸಿದ ಶೇಂಗಾಕಾಯಿ ಸಿಗುತ್ತದೆ. ಹುರಿದದ್ದಾಗಿರಬಾರದು, ಅದು ಎಷ್ಟು ಕುದಿಸಿದರೂ ಸರಿಹೋಗದು. ಒಣ ಕಾಯಿಯನ್ನು ಅದರ ಹೊಲಿಗೆಯ ಗೆರೆಯ ಹತ್ತಿರ ಒತ್ತಿ ಸಣ್ಣ ಬಿರುಕು ಮಾಡಿ, ಪೂರ್ತಿ ಬಿಡಿಸಬೇಡಿ. ರಾತ್ರಿ ನೆನೆಹಾಕಿ, ಎಂಟರಿಂದ ಹನ್ನೆರಡು ತಾಸು ನೆನೆಯಲಿ. ಬೇಸಿಗೆಯಾದರೆ ನೀರನ್ನು ಒಮ್ಮೆ ಬದಲಿಸಿ. ಬೆಳಿಗ್ಗೆ ಹೊಸ ನೀರು, ಅದೇ ಅಳತೆಯ ಉಪ್ಪು. ತೆರೆದ ಪಾತ್ರೆಯಲ್ಲಿ ಎರಡರಿಂದ ಮೂರು ತಾಸು ಬೇಕಾಗುವುದರಿಂದ ಇದಕ್ಕೆ ಕುಕ್ಕರೇ ಸರಿ. ಆರು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಬೇಯದಿದ್ದರೆ ಇನ್ನೂ ಹತ್ತು. ನೀರಲ್ಲಿ ಬಿಡುವ ಹೊತ್ತೂ ಜಾಸ್ತಿ, ಎರಡು ತಾಸಿನ ತನಕ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಕಾಳಿಗೆ ಸೋಪಿನ ವಾಸನೆ ಬರುತ್ತದೆ. ಅದರ ಬದಲು ಹತ್ತು ನಿಮಿಷ ಜಾಸ್ತಿ ಕುದಿಸುವುದು ವಾಸಿ.

ಒಣ ಶೇಂಗಾದ ರುಚಿ ಹಸಿಯದರ ಹತ್ತಿರ ಬರುತ್ತದೆ, ಸಮ ಬರುವುದಿಲ್ಲ. ಆ ಎಳೆತನದ ಸಿಹಿ ಅದರಲ್ಲಿ ಇರುವುದಿಲ್ಲ.

ತಿನ್ನುವ ಬಗೆ

ಬಿಸಿಬಿಸಿ ಇದ್ದಾಗ ತಾಟು ನಡುವೆ ಇಟ್ಟುಕೊಂಡು ಎಲ್ಲರೂ ಸುತ್ತ ಕೂತು ಬಿಡಿಸಿ ತಿನ್ನುವುದೇ ಮೊದಲ ಮರ್ಯಾದೆ. ಕಾಯಿಯ ಮೂಗಿನ ಹತ್ತಿರ ಹಲ್ಲಲ್ಲಿ ಸ್ವಲ್ಪ ಒತ್ತಿದರೆ ಉಪ್ಪುನೀರು ಬಾಯಿಗೆ ಬರುತ್ತದೆ, ಆಮೇಲೆ ಕಾಳು. ಜೊತೆಗೆ ಒಂದು ಬೆಲ್ಲದ ಚೂರು ಇಟ್ಟುಕೊಳ್ಳಿ. ಉಪ್ಪು ಶೇಂಗಾ ಎರಡು, ಬೆಲ್ಲ ಒಂದು ಕಡಿ. ಮಳೆ ಹಿಡಿದ ಸಂಜೆಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಉಣಕಲ್ ಕೆರೆ ಕಡೆ ಅಡ್ಡಾಡಲು ಹೋಗುವಾಗ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಸಿಪ್ಪೆ ಹಾಕಲು ಒಂದು ಖಾಲಿ ಚೀಲವೂ ಇರಲಿ.

ಉಳಿದ ಕಾಳನ್ನು ಬಿಡಿಸಿ ಎರಡು ಬಟ್ಟಲು ಆದರೆ ಉಸಳಿ ಮಾಡಬಹುದು. ಒಂದು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಕಾಳು ಹಾಕಿ ಎರಡು ನಿಮಿಷ ಕೈಯಾಡಿಸಿ. ಒಲೆಯಿಂದ ಇಳಿಸಿ ಲಿಂಬೆಹಣ್ಣು ಹಿಂಡಿ, ಹಸಿ ಕೊಬ್ಬರಿ ತುರಿ, ಕೊತ್ತಂಬರಿ ಉದುರಿಸಿ. ಉಪ್ಪು ಹಾಕುವ ಮೊದಲು ರುಚಿ ನೋಡಿ, ಹೆಚ್ಚಾಗಿ ಬೇಕಾಗುವುದೇ ಇಲ್ಲ.

ಒಲೆ ಹಚ್ಚುವ ಮನಸ್ಸಿಲ್ಲದಿದ್ದರೆ ಹಸಿ ಉಳ್ಳಾಗಡ್ಡಿ, ಟೊಮೆಟೊ, ಎಳೆ ಸವತೆಕಾಯಿ ಸಣ್ಣಗೆ ಹೆಚ್ಚಿ ಕಾಳಿಗೆ ಕಲಸಿ, ಮೇಲೆ ಬ್ಯಾಡಗಿ ಮೆಣಸಿನಕಾಯಿ ಪುಡಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ, 2011ರಲ್ಲಿ ಇದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಖಾರ ಅತಿಯಾಗದೆ ಕಾಳು ಕೆಂಪಗೆ ಚಂದ ಕಾಣುತ್ತದೆ. ಗಿರ್ಮಿಟ್ ಮಾಡುವ ದಿನ ಮೇಲೆ ಒಂದು ಮುಷ್ಟಿ ಕುದಿಸಿದ ಶೇಂಗಾ ಹಾಕಿ ನೋಡಿ. ಗರಿಗರಿ ಚುರುಮುರಿಯ ನಡುವೆ ಮೆತ್ತನೆಯ ಕಾಳು ಸಿಗುವುದು ತುಂಬಾ ಹಿತ. ಕಾಳಿನ ನೀರು ಬಟ್ಟೆಯಲ್ಲಿ ಒತ್ತಿ ತೆಗೆದಿರಬೇಕು, ಇಲ್ಲದಿದ್ದರೆ ಚುರುಮುರಿ ಮೆತ್ತಗಾಗುತ್ತದೆ.

ರೊಟ್ಟಿಗೂ ಒಂದು ದಾರಿ ಇದೆ. ಕಾಳು, ಹುರಿದ ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಸೇರಿಸಿ ತರಿತರಿಯಾಗಿ ರುಬ್ಬಿ, ಎರಡು ಚಮಚ ಮೊಸರು ಕಲಸಿ. ಬಿಸಿ ಜೋಳದ ರೊಟ್ಟಿಗೆ ಸೊಗಸು. ಒಣ ಶೇಂಗಾ ಹಿಂಡಿಯ ಹಾಗೆ ಇದು ವಾರಗಟ್ಟಲೆ ಇರುವುದಿಲ್ಲ, ಅವತ್ತಿಂದು ಅವತ್ತೇ ಮುಗಿಸಿ.

ಯಾರಿಗೆ ಎಷ್ಟು, ಎಷ್ಟು ದಿನ

ಒಣಗಿದ, ಹುರಿಯದ ಕಾಳಿನ 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನು, 49 ಗ್ರಾಂ ಎಣ್ಣೆ ಅಂಶ ಇರುತ್ತದೆ. ಕುದಿಸಿದ ಕಾಳಿನಲ್ಲಿ ನೀರು ಸೇರಿಕೊಳ್ಳುವುದರಿಂದ ಅಷ್ಟೇ ತೂಕಕ್ಕೆ ಪ್ರೋಟೀನು ಸುಮಾರು 13 ಗ್ರಾಂ, ಎಣ್ಣೆ 22 ಗ್ರಾಂ. ಅದಕ್ಕೇ ಕುದಿಸಿದ್ದು ತಿಂದರೆ ಹುರಿದದ್ದರಷ್ಟು ಭಾರ ಅನಿಸುವುದಿಲ್ಲ. ಬಿಪಿ ಇದ್ದವರಿಗೆ ಉಪ್ಪಿನದೇ ಚಿಂತೆ. ಮನೆಯಲ್ಲಿ ಅಂಥವರಿದ್ದರೆ ಅವರ ಪಾಲನ್ನು ಉಪ್ಪಿಲ್ಲದ ನೀರಲ್ಲಿ ಬೇರೆಯಾಗಿ ಕುದಿಸಿ, ಲಿಂಬೆರಸ ಹಿಂಡಿ ಕೊಡಿ. ಸಣ್ಣ ಮಕ್ಕಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಹಿಸುಕಿ ಕೊಡಿ. ಶೇಂಗಾ ಅಲರ್ಜಿ ಇದ್ದವರಿಗೆ ಕುದಿಸಿದ್ದೂ ಬೇಡ.

ಕುದಿಸಿದ ಶೇಂಗಾ ಹುರಿದದ್ದರಂತೆ ಡಬ್ಬಿಯಲ್ಲಿ ಉಳಿಯುವ ತಿನಿಸಲ್ಲ. ಬಸಿದು ಆರಿದ ಮೇಲೆ ಎರಡು ತಾಸಿನೊಳಗೆ ಫ್ರಿಜ್ ಸೇರಬೇಕು, ಮೂರು-ನಾಲ್ಕು ದಿನದಲ್ಲಿ ಮುಗಿಯಬೇಕು. ಸಿಪ್ಪೆ ಲೋಳೆಯಾದರೆ, ಹುಳಿ ವಾಸನೆ ಬಂದರೆ ತಿನ್ನದೆ ಬಿಸಾಕಿ. ಸುಗ್ಗಿಯಲ್ಲಿ ಜಾಸ್ತಿ ತಂದಿದ್ದರೆ ಕುದಿಸಿ ಬಸಿದು, ಒಮ್ಮೆಗೆ ಬೇಕಾಗುವಷ್ಟನ್ನೇ ಸಣ್ಣ ಸಣ್ಣ ಚೀಲಗಳಲ್ಲಿ ಕಟ್ಟಿ ಫ್ರೀಜರ್‌ನಲ್ಲಿಡಿ, ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಕರಗಲು ಕಾಯದೆ ನೇರ ಕುದಿಯುವ ನೀರಿಗೆ ಹಾಕಿ, ಹತ್ತು ನಿಮಿಷಕ್ಕೆ ತಿನ್ನಲು ಸಿದ್ಧ. ಆ ನೀರಿಗೂ ಒಂದು ಚಮಚ ಉಪ್ಪು ಹಾಕಿ, ಇಲ್ಲದಿದ್ದರೆ ಕಾಳು ಹಿಡಿದಿದ್ದ ಉಪ್ಪನ್ನು ನೀರಿಗೆ ಬಿಟ್ಟುಕೊಡುತ್ತದೆ.